ಹಳೆ ಮನೆ, ಸೀಸದ ಬಣ್ಣ ಮತ್ತು ಏಜೆಂಟರ ಸಹಿ

ಅಮೆರಿಕದಲ್ಲಿ 1978ಕ್ಕೆ ಮುಂಚೆ ಕಟ್ಟಿದ ಮನೆಯನ್ನು ಕೊಳ್ಳಲೋ ಬಾಡಿಗೆಗೆ ಹಿಡಿಯಲೋ ಹೊರಟವರ ಕೈಗೆ, ಕರಾರಿಗೆ ಸಹಿ ಬೀಳುವ ಮುನ್ನ, ಎರಡು ಕಾಗದ ಸೇರಲೇಬೇಕು. ಒಂದು, ಮನೆಯೊಳಗಿನ ಸೀಸದಿಂದ ಕುಟುಂಬವನ್ನು ಹೇಗೆ ಕಾಪಾಡಿಕೊಳ್ಳಬೇಕೆಂದು ತಿಳಿಸುವ ಸರ್ಕಾರಿ ಕೈಪಿಡಿ. ಇನ್ನೊಂದು, ಸೀಸದ ಬಣ್ಣದ ಬಗೆಗಿನ ಘೋಷಣಾ ಪತ್ರ. ಈ ಪತ್ರಕ್ಕೆ ಮಾರುವವರು, ಕೊಳ್ಳುವವರು ಸಹಿ ಹಾಕಿದರೆ ಸಾಲದು, ನಡುವೆ ನಿಂತ ರಿಯಲ್ ಎಸ್ಟೇಟ್ ಏಜೆಂಟರೂ ಹಾಕಬೇಕು. ಮನೆ ವ್ಯವಹಾರದ ದಪ್ಪ ಕಟ್ಟಿನಲ್ಲಿ ಇದೂ ಒಂದು ಹಾಳೆ ಎಂದು ಎಷ್ಟೋ ಮಂದಿ ಓದದೆಯೇ ಸಹಿ ಮಾಡಿ ಮುಂದೆ ಹೋಗುತ್ತಾರೆ. ಏಜೆಂಟರು ಮಾತ್ರ ಹಾಗೆ ಮಾಡುವಂತಿಲ್ಲ. ಅವರದು ಸಾಕ್ಷಿಯ ಸಹಿಯಲ್ಲ. ಈ ವ್ಯವಹಾರದಲ್ಲಿ ಕಾನೂನು ಪಾಲನೆಯಾಗುವಂತೆ ನೋಡಿಕೊಳ್ಳುವ ಹೊಣೆ ತನ್ನ ಮೇಲಿದೆ ಎಂದು ಒಪ್ಪಿಕೊಳ್ಳುವ ಸಹಿ.

ನ್ಯೂಜೆರ್ಸಿ, ಬಾಸ್ಟನ್, ಷಿಕಾಗೋ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೆ ಈ ಹಾಳೆ ಇಂದಲ್ಲ ನಾಳೆ ಎದುರಾಗುವಂಥದ್ದೇ. ಆ ಊರುಗಳಲ್ಲಿ ನೂರು ವರ್ಷ ದಾಟಿದ ಮನೆಗಳೂ ಮಾರಾಟಕ್ಕೆ ಬರುತ್ತಿರುತ್ತವೆ. ಈ ಹಾಳೆಯಲ್ಲಿ ಏನಿರುತ್ತದೆ, ಏಜೆಂಟರು ಏನು ಮಾಡಬೇಕು, ಎಲ್ಲಿ ಅವರ ಹೊಣೆ ಮುಗಿಯುತ್ತದೆ ಎಂಬುದನ್ನು ತಿಳಿದುಕೊಂಡರೆ ಯಾವ ಪ್ರಶ್ನೆಯನ್ನು ಯಾರಿಗೆ ಕೇಳಬೇಕೆಂಬುದು ಗೊತ್ತಾಗುತ್ತದೆ.

1978 ಏಕೆ?

ಸೀಸ ಬೆರೆಸಿದ ಬಣ್ಣ ಬೇಗ ಒಣಗುತ್ತಿತ್ತು, ಮಳೆ ಬಿಸಿಲಿಗೆ ಜಗ್ಗುತ್ತಿರಲಿಲ್ಲ. ಹಾಗಾಗಿ ಬಾಗಿಲು, ಕಿಟಕಿ, ಮೆಟ್ಟಿಲು, ಜಗಲಿ, ಹೊರಗೋಡೆಗಳಿಗೆ ಅದನ್ನೇ ಬಳಿಯುತ್ತಿದ್ದರು. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 1978ರಲ್ಲಿ ಮನೆಬಳಕೆಯ ಬಣ್ಣದಲ್ಲಿ ತೂಕದ ಶೇ 0.06ಕ್ಕಿಂತ ಹೆಚ್ಚು ಸೀಸ ಇರಕೂಡದೆಂದು ನಿಷೇಧ ತಂದಿತು. 2009ರಲ್ಲಿ ಆ ಮಿತಿ ಶೇ 0.009ಕ್ಕೆ, ಅಂದರೆ ಹತ್ತು ಲಕ್ಷಕ್ಕೆ 90 ಭಾಗಕ್ಕೆ ಇಳಿಯಿತು. ಹೊಸ ಡಬ್ಬದಲ್ಲಿ ಸೀಸ ಕಡಿಮೆಯಾದರೂ ಹಳೆ ಗೋಡೆಯ ಮೇಲಿದ್ದದ್ದು ಅಲ್ಲೇ ಉಳಿಯಿತು. ಅದರ ಮೇಲೆ ಹೊಸ ಬಣ್ಣದ ಪದರಗಳು ಕೂತವು, ಅಷ್ಟೇ.

ಆ ದೇಶದ ಪರಿಸರ ಸಂರಕ್ಷಣಾ ಸಂಸ್ಥೆಯಾದ ಇಪಿಎ ಕೊಡುವ ಅಂದಾಜಿನ ಪ್ರಕಾರ, 1940ಕ್ಕೆ ಮುಂಚಿನ ಮನೆಗಳಲ್ಲಿ ಶೇ 87ರಷ್ಟರಲ್ಲಿ ಎಲ್ಲಾದರೊಂದು ಕಡೆ ಸೀಸದ ಬಣ್ಣ ಇದೆ. 1940ರಿಂದ 1959ರವರೆಗಿನವುಗಳಲ್ಲಿ ಈ ಪ್ರಮಾಣ ಶೇ 69. 1960ರಿಂದ 1977ರವರೆಗಿನವುಗಳಲ್ಲಿ ಶೇ 24. ಮನೆ ಹಳೆಯದಾದಷ್ಟೂ ಶಂಕೆಗೆ ಹೆಚ್ಚು ಆಧಾರ.

ಗಟ್ಟಿಯಾಗಿ ಅಂಟಿಕೊಂಡಿರುವ ಬಣ್ಣದಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಚಕ್ಕೆ ಏಳುವಾಗ, ಉಜ್ಜುವಾಗ, ಕೆರೆಯುವಾಗ ಹುಟ್ಟುವ ಧೂಳೇ ಅಪಾಯ. ಹಳೆ ಅಮೆರಿಕನ್ ಮನೆಗಳ ಕಿಟಕಿಗಳು ಮೇಲೆ ಕೆಳಗೆ ಜಾರುವ ಮಾದರಿಯವು. ಪ್ರತಿ ಸಲ ತೆರೆದು ಮುಚ್ಚಿದಾಗಲೂ ಮರ ಮರಕ್ಕೆ ಉಜ್ಜಿ ಬಣ್ಣ ಪುಡಿಯಾಗುತ್ತದೆ. ಆ ಪುಡಿ ಕಿಟಕಿಯ ಹಲಗೆಯ ಮೇಲೆ, ನೆಲದ ಮೇಲೆ ಕೂರುತ್ತದೆ. ಅಂಬೆಗಾಲಿಡುವ ಮಗು ನೆಲ ಸವರಿದ ಕೈಯನ್ನು ಬಾಯಿಗಿಡುತ್ತದೆ. 6 ವರ್ಷದೊಳಗಿನ ಮಕ್ಕಳ ಬೆಳೆಯುತ್ತಿರುವ ಮಿದುಳಿಗೆ ಸೀಸ ಮಾಡುವ ಹಾನಿ ಕಲಿಕೆ, ಗಮನ, ನಡವಳಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ; ಆದ ಹಾನಿ ಸರಿಹೋಗುವುದು ಕಷ್ಟ. ಬಸುರಿಯರ ದೇಹ ಸೇರಿದ ಸೀಸ ಹೊಟ್ಟೆಯಲ್ಲಿರುವ ಕೂಸಿಗೂ ತಲುಪುತ್ತದೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಸುರಕ್ಷಿತ ಎಂದು ಹೇಳಬಹುದಾದ ಮಟ್ಟವೇ ಇಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ 2021ರಲ್ಲಿ ತನ್ನ ಎಚ್ಚರಿಕೆಯ ಅಳತೆಯನ್ನು ಪ್ರತಿ ಡೆಸಿಲೀಟರ್ ರಕ್ತಕ್ಕೆ 5 ಮೈಕ್ರೋಗ್ರಾಂನಿಂದ 3.5ಕ್ಕೆ ಇಳಿಸಿತು.

ಕಾನೂನು ಕೇಳುವುದು ಗೊತ್ತಿದ್ದ ಮಾತನ್ನು

1992ರಲ್ಲಿ ಅಮೆರಿಕದ ಸಂಸತ್ತು ವಸತಿ ಮನೆಗಳ ಸೀಸದ ಅಪಾಯ ತಗ್ಗಿಸುವ ಕಾಯಿದೆ ಮಾಡಿತು. ಅದರಡಿ ಇಪಿಎ ಮತ್ತು ವಸತಿ ಇಲಾಖೆ ಎಚ್‌ಯುಡಿ ಸೇರಿ 1996ರಲ್ಲಿ ಘೋಷಣೆಯ ನಿಯಮ ಹೊರಡಿಸಿದವು. ನಾಲ್ಕಕ್ಕಿಂತ ಹೆಚ್ಚು ಮನೆಗಳಿದ್ದ ಮಾಲೀಕರಿಗೆ ಅದು ಅದೇ ವರ್ಷ ಸೆಪ್ಟೆಂಬರ್‌ನಿಂದ, ಉಳಿದವರಿಗೆ ಡಿಸೆಂಬರ್‌ನಿಂದ ಜಾರಿಗೆ ಬಂತು.

ಈ ಕೇಂದ್ರ ನಿಯಮ ಮನೆಯನ್ನು ಪರೀಕ್ಷೆ ಮಾಡಿಸಿ ಎನ್ನುವುದಿಲ್ಲ. ಸೀಸದ ಬಣ್ಣ ಕೆರೆದು ತೆಗೆಸಿ ಎಂದೂ ಹೇಳುವುದಿಲ್ಲ. ಬಣ್ಣವಿರುವ ಮನೆಯನ್ನು ಮಾರಕೂಡದೆಂಬ ನಿರ್ಬಂಧವೂ ಇಲ್ಲ. ಅದು ಕೇಳುವುದು, ಮಾರುವವರ ಬಳಿ ಇರುವ ತಿಳಿವಳಿಕೆ ಕೊಳ್ಳುವವರ ಕೈ ಸೇರಬೇಕು ಎಂಬುದನ್ನು. ಹೀಗೆ ತಲುಪಿಸುವ ದಾರಿಯಲ್ಲಿ ಕಾವಲು ಕೂರಿಸಿರುವುದು ಏಜೆಂಟರನ್ನು. ಈ ಒಂದು ವಿಷಯ ಮನಸ್ಸಿನಲ್ಲಿದ್ದರೆ ನಿಯಮದ ಉಳಿದ ಭಾಗಗಳು ಸುಲಭವಾಗಿ ಅರ್ಥವಾಗುತ್ತವೆ.

ಮಾರುವವರು ಮಾಡಬೇಕಾದದ್ದು ಇಷ್ಟು:

- ಮನೆಯಲ್ಲಿ ಸೀಸದ ಬಣ್ಣ ಅಥವಾ ಅದರ ಅಪಾಯ ಇರುವುದು ಗೊತ್ತಿದ್ದರೆ, ಎಲ್ಲಿ, ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಹೇಳಬೇಕು.
- ಪರೀಕ್ಷಾ ವರದಿ, ದುರಸ್ತಿಯ ದಾಖಲೆ ಏನಿದ್ದರೂ ಪ್ರತಿ ಕೊಡಬೇಕು. ಅಪಾರ್ಟ್‌ಮೆಂಟಾದರೆ ಮೆಟ್ಟಿಲು, ಪಡಸಾಲೆಯಂಥ ಸಾಮಾನ್ಯ ಜಾಗಗಳ ವರದಿಯೂ ಇದರಲ್ಲಿ ಸೇರುತ್ತದೆ.
- ಸರ್ಕಾರಿ ಕೈಪಿಡಿ ಕೊಡಬೇಕು.
- ಕೊಳ್ಳುವವರಿಗೆ ಪರೀಕ್ಷೆ ಮಾಡಿಸಿಕೊಳ್ಳಲು 10 ದಿನದ ಅವಕಾಶ ಕೊಡಬೇಕು.
- ಎಚ್ಚರಿಕೆಯ ಒಕ್ಕಣೆ ಮತ್ತು ಎಲ್ಲರ ಸಹಿ ಇರುವ ಪತ್ರವನ್ನು ಕರಾರಿಗೆ ಸೇರಿಸಬೇಕು.

ಯಾರು ಏಜೆಂಟರು?

ಮಾರುವವರ ಅಥವಾ ಬಾಡಿಗೆಗೆ ಕೊಡುವವರ ಜೊತೆ, ಇಲ್ಲವೇ ಅವರ ಪ್ರತಿನಿಧಿಯ ಜೊತೆ ಒಪ್ಪಂದ ಮಾಡಿಕೊಂಡು ವ್ಯವಹಾರ ನಡೆಸುವ ಎಲ್ಲರೂ ಈ ನಿಯಮದ ಕಣ್ಣಿಗೆ ಏಜೆಂಟರೇ. ಮನೆಯನ್ನು ಮಾರುಕಟ್ಟೆಗಿಟ್ಟ ಲಿಸ್ಟಿಂಗ್ ಏಜೆಂಟರ ವಿಷಯದಲ್ಲಿ ಅನುಮಾನವೇ ಇಲ್ಲ. ಕೊಳ್ಳುವವರ ಪರ ಓಡಾಡುವ ಏಜೆಂಟರ ವಿಷಯ ಸ್ವಲ್ಪ ಸೂಕ್ಷ್ಮ. ಅವರ ಸಂಭಾವನೆ ಪೂರ್ತಿಯಾಗಿ ಕೊಳ್ಳುವವರ ಜೇಬಿನಿಂದಲೇ ಬಂದರೆ ಮಾತ್ರ ಅವರು ಈ ಹೊಣೆಯಿಂದ ಹೊರಗೆ. ಮಾರುವವರ ಕಡೆಯ ಕಮಿಷನ್‌ನಲ್ಲಿ ಪಾಲು ಪಡೆಯುವವರು ಈ ವಿನಾಯಿತಿಯನ್ನು ನಂಬಿಕೊಳ್ಳುವಂತಿಲ್ಲ.

2024ರ ಆಗಸ್ಟ್‌ನಿಂದ ಅಮೆರಿಕದ ರಿಯಲ್ಟರುಗಳ ರಾಷ್ಟ್ರೀಯ ಸಂಘದ ಮೇಲಿನ ಕಮಿಷನ್ ಮೊಕದ್ದಮೆಯ ರಾಜಿಯ ಫಲವಾಗಿ, ಕೊಳ್ಳುವವರು ಮನೆ ನೋಡುವ ಮೊದಲೇ ತಮ್ಮ ಏಜೆಂಟರ ಜೊತೆ ಲಿಖಿತ ಒಪ್ಪಂದ ಮಾಡಿಕೊಳ್ಳುವ ಪದ್ಧತಿ ಬಂದಿದೆ. ಇಷ್ಟಾದರೂ ಎಷ್ಟೋ ವ್ಯವಹಾರಗಳಲ್ಲಿ ಹಣ ಕೊನೆಗೆ ಮಾರುವವರಿಂದಲೇ ಬರುತ್ತದೆ. ಆದ್ದರಿಂದ ಕೊಳ್ಳುವವರ ಕಡೆಯ ಏಜೆಂಟರು ಸಹ ಈ ಹಾಳೆಯನ್ನು ತಮ್ಮದೇ ಕೆಲಸವೆಂದು ನೋಡಿಕೊಳ್ಳುವುದು ಕ್ಷೇಮ.

ಏಜೆಂಟರ ಕೆಲಸ, ಮೊದಲಿಂದ ಕೊನೆವರೆಗೆ

ನಿಯಮ ಏಜೆಂಟರಿಗೆ ಹೇಳುವುದು ಎರಡೇ ಮಾತು. ಮಾಲೀಕರಿಗೆ ಅವರ ಕರ್ತವ್ಯಗಳನ್ನು ತಿಳಿಸಬೇಕು. ಅವರು ಅದನ್ನೆಲ್ಲ ಮಾಡಿದ್ದಾರೆಂದು ಖಚಿತಪಡಿಸಿಕೊಳ್ಳಬೇಕು. ಮಾಡಿರದಿದ್ದರೆ ತಾವೇ ನಿಂತು ಆಗುವಂತೆ ಮಾಡಬೇಕು. ವ್ಯವಹಾರದಲ್ಲಿ ಇದು ನಡೆಯುವ ಕ್ರಮ ಹೀಗಿದೆ.

ಮನೆ ಒಪ್ಪಿಕೊಳ್ಳುವ ದಿನವೇ ಕಟ್ಟಿದ ವರ್ಷ ಯಾವುದೆಂದು ನೋಡಬೇಕು. ಮಾಲೀಕರ ನೆನಪನ್ನು ನಂಬುವ ಬದಲು ಸ್ಥಳೀಯ ತೆರಿಗೆ ದಾಖಲೆ ತೆಗೆಸಿ ನೋಡುವುದು ಒಳ್ಳೆಯದು. ಅಡುಗೆಮನೆ ಹೊಸದು, ಬಚ್ಚಲು ಹೊಸದು ಎಂದಮಾತ್ರಕ್ಕೆ ಮನೆ ಹೊಸದಾಗುವುದಿಲ್ಲ. ಲೆಕ್ಕಕ್ಕೆ ಬರುವುದು ಮೊದಲು ಕಟ್ಟಿದ ವರ್ಷ.

ಆಮೇಲೆ ಮಾಲೀಕರಿಗೆ ಅವರ ಕರ್ತವ್ಯಗಳನ್ನು ಬರವಣಿಗೆಯಲ್ಲಿ ತಿಳಿಸಬೇಕು. ಬಾಯಿಮಾತಿನಲ್ಲಿ ಹೇಳಿದರೂ ಕಾನೂನಿಗೆ ಸಾಕಾಗಬಹುದು, ಆದರೆ ಮೂರು ವರ್ಷದ ನಂತರ ತನಿಖಾಧಿಕಾರಿ ಬಂದಾಗ ಅದಕ್ಕೆ ಪುರಾವೆ ಇರುವುದಿಲ್ಲ. ಅದೇ ಭೇಟಿಯಲ್ಲಿ ನೇರವಾದ ಪ್ರಶ್ನೆಗಳನ್ನು ಕೇಳಬೇಕು. ಈ ಮನೆಯಲ್ಲಿ ಯಾವಾಗಲಾದರೂ ಸೀಸದ ಪರೀಕ್ಷೆ ಆಗಿದೆಯೇ? ನೀವು ಕೊಂಡಾಗ ನಿಮಗೆ ಕೊಟ್ಟ ಘೋಷಣಾ ಪತ್ರ ಎಲ್ಲಿ? ನಗರಸಭೆಯಿಂದ ಅಥವಾ ಆರೋಗ್ಯ ಇಲಾಖೆಯಿಂದ ನೋಟಿಸ್ ಬಂದಿತ್ತೇ? ಕಿಟಕಿ ಬದಲಾಯಿಸಿದಾಗ ಕಂಟ್ರಾಕ್ಟರ್ ಏನಾದರೂ ವರದಿ ಕೊಟ್ಟಿದ್ದರೇ?

ಘೋಷಣಾ ಪತ್ರ ತುಂಬಿಸುವಾಗ ಮಾಲೀಕರ ಭಾಗವನ್ನು ಮಾಲೀಕರೇ ತುಂಬಬೇಕು. ಪ್ರತಿ ವಿಷಯಕ್ಕೂ ಎರಡು ಆಯ್ಕೆ ಇರುತ್ತದೆ: ಗೊತ್ತಿದೆ, ವಿವರ ಹೀಗಿದೆ, ಅಥವಾ ಏನೂ ಗೊತ್ತಿಲ್ಲ. ದಾಖಲೆಗಳಿಗೂ ಹೀಗೆಯೇ. ಯಾವುದನ್ನೂ ಗುರುತು ಮಾಡದೆ ಖಾಲಿ ಬಿಟ್ಟ ಪತ್ರ ಅಪೂರ್ಣ. ಆನಂತರ ಕೊಳ್ಳುವವರು ಕೈಪಿಡಿ ಸಿಕ್ಕಿತು, ದಾಖಲೆ ಸಿಕ್ಕಿತು, 10 ದಿನದ ಅವಕಾಶ ಸಿಕ್ಕಿತು ಅಥವಾ ಬೇಡವೆಂದೆವು ಎಂದು ಗುರುತು ಮಾಡುತ್ತಾರೆ. ಕೊನೆಗೆ ಏಜೆಂಟರ ಭಾಗ, ಎಲ್ಲರ ಸಹಿ ಮತ್ತು ತಾರೀಖು.

ತಾರೀಖಿನ ಮೇಲೆ ಕಣ್ಣಿಡಬೇಕು. ಕೊಳ್ಳುವವರು ಕರಾರಿಗೆ ಕಟ್ಟುಬೀಳುವ ಮುನ್ನ ಇದೆಲ್ಲ ಆಗಿರಬೇಕು. ಕರಾರು ಮುಗಿದು ವಾರ ಕಳೆದ ಮೇಲೆ, ಮನೆ ಕೈಬದಲಾಗುವ ಕ್ಲೋಸಿಂಗ್ ದಿನ ಅವಸರದಲ್ಲಿ ಸಹಿ ತೆಗೆದುಕೊಂಡ ಪತ್ರ ತನ್ನ ಉದ್ದೇಶವನ್ನೇ ಸೋಲಿಸುತ್ತದೆ. ಸಹಿಯಾದ ಪ್ರತಿಯನ್ನು ಮಾರಾಟ ಮುಗಿದ ದಿನದಿಂದ 3 ವರ್ಷ, ಬಾಡಿಗೆಯಾದರೆ ಅವಧಿ ಶುರುವಾದ ದಿನದಿಂದ 3 ವರ್ಷ, ಮಾಲೀಕರೂ ಏಜೆಂಟರೂ ಇಟ್ಟುಕೊಂಡಿರಬೇಕು.

"ಗೊತ್ತಿಲ್ಲ" ಎಂದರೆ ಸಾಕೇ?

ಪರೀಕ್ಷೆ ಕಡ್ಡಾಯವಲ್ಲದ ಕಾರಣ, ಏನೂ ತಿಳಿಯದ ಮಾಲೀಕರು ಗೊತ್ತಿಲ್ಲ ಎಂದು ಗುರುತು ಹಾಕುವುದು ನ್ಯಾಯವೇ. ಹಾಗೆಂದು ಆ ಮನೆಯಲ್ಲಿ ಸೀಸವಿಲ್ಲ ಎಂದು ಅರ್ಥವಲ್ಲ. 1925ರ ಮನೆಯ ಪತ್ರದಲ್ಲಿ ಗೊತ್ತಿಲ್ಲ ಎಂದಿದ್ದರೆ, ಯಾರೂ ನೋಡಿಲ್ಲ ಎಂದಷ್ಟೇ ಓದಿಕೊಳ್ಳಬೇಕು. ಏಜೆಂಟರು ಅದನ್ನು ತೋರಿಸಿ "ಏನೂ ತೊಂದರೆಯಿಲ್ಲ ಸಾರ್, ನೋಡಿ" ಎಂದು ಹೇಳುವುದು ತಪ್ಪು.

ಮಾಲೀಕರು ಏಜೆಂಟರಿಂದಲೂ ಮುಚ್ಚಿಟ್ಟರೆ? ಇಲ್ಲಿ ನಿಯಮ ಏಜೆಂಟರಿಗೆ ರಕ್ಷಣೆ ಕೊಡುತ್ತದೆ. ಮಾಲೀಕರಿಗೆ ಕರ್ತವ್ಯ ತಿಳಿಸಿದ ಏಜೆಂಟರು, ಮಾಲೀಕರಿಗೆ ಗೊತ್ತಿದ್ದೂ ತಮಗೆ ಹೇಳದ ಸಂಗತಿಗೆ ಹೊಣೆಗಾರರಲ್ಲ. ತಮಗೇ ಗೊತ್ತಿದ್ದ ಸಂಗತಿಗೆ ಈ ರಕ್ಷಣೆ ಸಿಗುವುದಿಲ್ಲ.

ಇದು ಬಿಗಿಯಾಗುವುದು ಒಂದು ವ್ಯವಹಾರ ಮುರಿದುಬಿದ್ದಾಗ. ಕೊಳ್ಳಲು ಬಂದ ಕುಟುಂಬ ಪರೀಕ್ಷೆ ಮಾಡಿಸುತ್ತದೆ. ಕಿಟಕಿಗಳಲ್ಲಿ ಸೀಸ ಸಿಗುತ್ತದೆ. ವರದಿಯನ್ನು ಏಜೆಂಟರಿಗೆ ತೋರಿಸಿ, ಮನೆ ಬೇಡವೆಂದು ಹೊರಡುತ್ತದೆ. ಅಲ್ಲಿಯವರೆಗೆ ಗೊತ್ತಿಲ್ಲ ಎಂದಿದ್ದ ಮಾಲೀಕರಿಗೂ ಏಜೆಂಟರಿಗೂ ಈಗ ಗೊತ್ತು. ಮುಂದೆ ಬರುವ ಪ್ರತಿಯೊಬ್ಬರಿಗೂ ಅದನ್ನು ಹೇಳಬೇಕು, ಕೈಯಲ್ಲಿರುವ ವರದಿಯ ಪ್ರತಿ ಕೊಡಬೇಕು. ಹಳೆ ಪತ್ರವನ್ನೇ ಮುಂದಿನವರಿಗೆ ದಾಟಿಸಿದರೆ ಅದು ಉದ್ದೇಶಪೂರ್ವಕ ಉಲ್ಲಂಘನೆ. "ವರದಿ ನನಗೆ ಕಳಿಸಬೇಡಿ" ಎಂದು ಕಣ್ಣು ಮುಚ್ಚಿಕೊಳ್ಳುವ ಏಜೆಂಟರೂ ಇದ್ದಾರೆ. ಫಲಿತಾಂಶ ಬಾಯಿಂದ ಕಿವಿಗೆ ಬಿದ್ದಿದ್ದರೂ ಅದು ತಿಳಿವಳಿಕೆಯೇ.

10 ದಿನವನ್ನು ಬಳಸಿಕೊಳ್ಳುವುದು

ಈ 10 ದಿನಗಳನ್ನು ಎರಡೂ ಕಡೆಯವರು ಒಪ್ಪಿ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಕೊಳ್ಳುವವರು ಬರೆದುಕೊಟ್ಟು ಪೂರ್ತಿ ಬಿಟ್ಟುಬಿಡಲೂಬಹುದು. ಒಂದೇ ಮನೆಗೆ ಐದಾರು ಜನ ಪೈಪೋಟಿಗೆ ಬಿದ್ದಾಗ ಹೀಗೆ ಬಿಟ್ಟುಕೊಡುವ ಒತ್ತಡ ಜೋರಾಗಿರುತ್ತದೆ. ಬಿಡುವ ಹಕ್ಕು ಕೊಳ್ಳುವವರದು. ಅವಕಾಶವನ್ನೇ ಕೊಡದಿರುವ ಹಕ್ಕು ಮಾರುವವರಿಗಿಲ್ಲ. ಪುಟ್ಟ ಮಕ್ಕಳಿರುವ ಮನೆಯವರು ಬೆಲೆಯಲ್ಲೋ ಬೇರೆಲ್ಲಾದರೋ ಚೌಕಾಸಿ ಮಾಡಿ ಈ ಅವಕಾಶ ಉಳಿಸಿಕೊಳ್ಳುವುದು ಜಾಣತನ.

ಪರೀಕ್ಷೆಯಲ್ಲಿ ಎರಡು ಬಗೆ. ಒಂದರಲ್ಲಿ ಪರವಾನಗಿ ಪಡೆದ ಪರೀಕ್ಷಕರು ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರದಿಂದ ಗೋಡೆ, ಬಾಗಿಲು, ಕಿಟಕಿಗಳನ್ನು ಒಂದೊಂದಾಗಿ ಅಳೆದು ಸೀಸದ ಬಣ್ಣ ಎಲ್ಲೆಲ್ಲಿದೆ ಎಂದು ಪಟ್ಟಿ ಕೊಡುತ್ತಾರೆ. ಚದರ ಸೆಂಟಿಮೀಟರಿಗೆ 1 ಮಿಲಿಗ್ರಾಂ, ಅಥವಾ ತೂಕದಲ್ಲಿ ಶೇ 0.5 ಮುಟ್ಟಿದರೆ ಅದು ಕಾನೂನಿನ ಪ್ರಕಾರ ಸೀಸದ ಬಣ್ಣ. ಇನ್ನೊಂದರಲ್ಲಿ ಧೂಳು, ಹೊರಗಿನ ಮಣ್ಣು, ಹಾಳಾದ ಬಣ್ಣದ ಮಾದರಿ ತೆಗೆದು ಈಗ ಅಪಾಯ ಎಲ್ಲಿದೆ, ಏನು ಮಾಡಬೇಕು ಎಂದು ಹೇಳುತ್ತಾರೆ. ಎರಡನ್ನೂ ಒಟ್ಟಿಗೆ ಮಾಡಿಸಬಹುದು. ಮನೆ ಕೊಳ್ಳುವಾಗ ಮಾಮೂಲಿಯಾಗಿ ಮಾಡಿಸುವ ಹೋಮ್ ಇನ್‌ಸ್ಪೆಕ್ಷನ್‌ನಲ್ಲಿ ಸಾಮಾನ್ಯವಾಗಿ ಇದು ಸೇರಿರುವುದಿಲ್ಲ. ಬೇರೆಯಾಗಿಯೇ ಕೇಳಬೇಕು.

ಬಾಡಿಗೆ ಮತ್ತು ವಿನಾಯಿತಿಗಳು

ಬಾಡಿಗೆ ಮನೆಗೂ ಘೋಷಣೆ, ದಾಖಲೆ, ಕೈಪಿಡಿ, ಸಹಿ ಎಲ್ಲವೂ ಅನ್ವಯ. 10 ದಿನದ ಪರೀಕ್ಷೆ ಮಾತ್ರ ಇಲ್ಲ. ಬಾಡಿಗೆ ಕರಾರಿನ ನವೀಕರಣದ ವೇಳೆ ಹೊಸ ಮಾಹಿತಿ ಏನೂ ಬಂದಿರದಿದ್ದರೆ ಮತ್ತೆ ಕೊಡಬೇಕಿಲ್ಲ. 100 ದಿನ ಅಥವಾ ಅದಕ್ಕಿಂತ ಕಡಿಮೆ ಅವಧಿಯ, ನವೀಕರಣವಿಲ್ಲದ ಬಾಡಿಗೆ, ಸೀಸವಿಲ್ಲವೆಂದು ಪರವಾನಗಿ ಪಡೆದ ಪರೀಕ್ಷಕರು ದೃಢಪಡಿಸಿದ ಬಾಡಿಗೆ ಮನೆ, ಮತ್ತು 6 ವರ್ಷದೊಳಗಿನ ಮಗು ಇಲ್ಲದ, ಬರುವ ನಿರೀಕ್ಷೆಯೂ ಇಲ್ಲದ ಹಿರಿಯರ ವಸತಿಗೆ ವಿನಾಯಿತಿ ಇದೆ. ಸಾಲ ತೀರಿಸದ್ದಕ್ಕೆ ಹರಾಜಾಗುವ ಮನೆಗೂ ವಿನಾಯಿತಿ ಇದೆ. ಆದರೆ ಹರಾಜಿನಲ್ಲಿ ಮನೆ ಪಡೆದ ಬ್ಯಾಂಕು ಅದನ್ನು ಮರಳಿ ಮಾರುವಾಗ ನಿಯಮ ಪೂರ್ತಿ ಅನ್ವಯವಾಗುತ್ತದೆ. ಇದ್ದ ಹಾಗೇ ಮಾರುತ್ತೇವೆ ಎಂಬ ಷರತ್ತು ಹಾಕಿದರೂ ಘೋಷಣೆ ತಪ್ಪುವುದಿಲ್ಲ.

ಕೆಲವು ಮಾಲೀಕರು ಸುಲಭದ ದಾರಿ ಹುಡುಕುತ್ತಾರೆ: ಪುಟ್ಟ ಮಕ್ಕಳಿರುವವರಿಗೆ ಮನೆಯೇ ಬೇಡ! ಅದು ಇನ್ನೊಂದು ಕಾನೂನಿನ ಉಲ್ಲಂಘನೆ. 1988ರ ತಿದ್ದುಪಡಿಯ ನಂತರ ಅಮೆರಿಕದ ನ್ಯಾಯೋಚಿತ ವಸತಿ ಕಾಯಿದೆ ಮಕ್ಕಳಿದ್ದಾರೆಂಬ ಕಾರಣಕ್ಕೆ ಮನೆ ನಿರಾಕರಿಸುವುದನ್ನು ಭೇದಭಾವ ಎಂದೇ ನೋಡುತ್ತದೆ. ಏಜೆಂಟರು ಕಾಳಜಿಯ ದನಿಯಲ್ಲೇ "ನಿಮಗೆ ಮಗು ಇದೆ, ಈ ಮನೆ ಬೇಡ ಬಿಡಿ" ಎಂದು ಬೇರೆಡೆಗೆ ತಿರುಗಿಸಿದರೂ ಅದೇ ತಪ್ಪು. ಅವರ ಕೆಲಸ ವಿಷಯ ತಿಳಿಸುವುದು, ತೀರ್ಮಾನ ಕುಟುಂಬದ್ದು.

ತಪ್ಪಿದರೆ

ಪ್ರತಿ ಉಲ್ಲಂಘನೆಗೆ ವಿಧಿಸಬಹುದಾದ ದಂಡ 20 ಸಾವಿರ ಡಾಲರ್ ದಾಟಿದೆ. ಹಣದುಬ್ಬರಕ್ಕೆ ತಕ್ಕಂತೆ ಏರುತ್ತಲೂ ಇರುತ್ತದೆ. ಕೈಪಿಡಿ ಕೊಡದ್ದು ಒಂದು, ಎಚ್ಚರಿಕೆಯ ಒಕ್ಕಣೆ ಬಿಟ್ಟದ್ದು ಇನ್ನೊಂದು, ಸಹಿ ಇಲ್ಲದ್ದು ಮತ್ತೊಂದು ಎಂದು ಎಣಿಸುತ್ತ ಹೋದರೆ ಒಂದೇ ಮನೆಯ ಮೇಲೆ ಹಲವು ದಂಡ ಬೀಳಬಹುದು. ಗೊತ್ತಿದ್ದೂ ಮುಚ್ಚಿಟ್ಟವರಿಂದ ಕೊಂಡವರು ತಮಗಾದ ನಷ್ಟದ ಮೂರು ಪಟ್ಟು ವಸೂಲಿಗೆ ದಾವೆ ಹೂಡಬಹುದು. ಈ ಹೊಣೆ ಮಾಲೀಕ, ಏಜೆಂಟ್ ಇಬ್ಬರ ಮೇಲೂ ಒಟ್ಟಾಗಿ ನಿಲ್ಲುತ್ತದೆ. ಒಂದು ವಿಷಯ ಮಾತ್ರ ಅನೇಕರಿಗೆ ಅಚ್ಚರಿ ತರುತ್ತದೆ: ಘೋಷಣೆ ತಪ್ಪಿತೆಂಬ ಕಾರಣಕ್ಕೆ ಈ ಕೇಂದ್ರ ಕಾನೂನಿನಡಿ ಮಾರಾಟ ತಾನಾಗಿ ರದ್ದಾಗುವುದಿಲ್ಲ. ಪರಿಹಾರ ಹಣದ್ದು, ಮನೆ ವಾಪಸಿನದಲ್ಲ.

ಬಣ್ಣ ಕೆರೆಸುವ ಮುನ್ನ

ಮಾರುವ ಮುಂಚೆ ಮನೆಗೆ ಹೊಸ ಮೆರುಗು ಕೊಡಿಸೋಣ ಎಂದು ಏಜೆಂಟರು ಸಲಹೆ ಕೊಡುವುದು ರೂಢಿ. ಅಲ್ಲೂ ಒಂದು ನಿಯಮ ಕಾದಿದೆ. 2010ರ ಏಪ್ರಿಲ್‌ನಿಂದ ಪೂರ್ತಿ ಜಾರಿಯಲ್ಲಿರುವ ಇಪಿಎ ದುರಸ್ತಿ ನಿಯಮದ ಪ್ರಕಾರ, 1978ಕ್ಕೆ ಮುಂಚಿನ ಮನೆಯೊಳಗೆ ಒಂದು ಕೋಣೆಯಲ್ಲಿ 6 ಚದರ ಅಡಿಗಿಂತ, ಹೊರಗೆ 20 ಚದರ ಅಡಿಗಿಂತ ಹೆಚ್ಚು ಬಣ್ಣ ಕೆದಕುವ ಕೆಲಸವನ್ನು ಹಣ ಪಡೆದು ಮಾಡುವವರಿಗೆ ಪ್ರಮಾಣಪತ್ರ ಇರಬೇಕು. ಕಿಟಕಿ ಬದಲಾವಣೆಗೆ ಈ ಅಳತೆಯ ರಿಯಾಯಿತಿ ಸಹ ಇಲ್ಲ. ಬಾಡಿಗೆ ಮನೆಗಳನ್ನು ನೋಡಿಕೊಳ್ಳುವ ಸಂಸ್ಥೆಗಳ ಸ್ವಂತ ಕೆಲಸಗಾರರೂ ಇದರೊಳಗೆ ಬರುತ್ತಾರೆ. ಈ ನಿಯಮ ಎಷ್ಟು ಗಂಭೀರವೆಂಬುದಕ್ಕೆ ಒಂದು ಉದಾಹರಣೆ ಸಾಕು: ತಾನು ಗೊತ್ತುಮಾಡಿದ ಕಂಟ್ರಾಕ್ಟರುಗಳು ನಿಯಮ ಪಾಲಿಸಲಿಲ್ಲವೆಂಬ ಆರೋಪದ ಇತ್ಯರ್ಥಕ್ಕೆ ಹೋಮ್ ಡಿಪೋ ಕಂಪನಿ 2020ರಲ್ಲಿ 2.075 ಕೋಟಿ ಡಾಲರ್ ದಂಡಕ್ಕೆ ಒಪ್ಪಿಕೊಂಡಿತು.

ರಾಜ್ಯ, ನಗರಗಳ ಕಾನೂನು ಇನ್ನೂ ಬಿಗಿಯಾಗಿರಬಹುದು. ಮ್ಯಾಸಚೂಸೆಟ್ಸ್‌ನಲ್ಲಿ 6 ವರ್ಷದೊಳಗಿನ ಮಗು ವಾಸವಿದ್ದರೆ ಸೀಸದ ಅಪಾಯ ನಿವಾರಿಸುವುದೇ ಮಾಲೀಕರ ಹೊಣೆ. ನ್ಯೂಜೆರ್ಸಿಯಲ್ಲಿ 2022ರಿಂದ ಜಾರಿಗೆ ಬಂದ ಕಾನೂನು ಹಳೆಯ ಬಾಡಿಗೆ ಮನೆಗಳಲ್ಲಿ ಹೆಚ್ಚಿನವಕ್ಕೆ ನಿಯತಕಾಲಿಕ ತಪಾಸಣೆ ಕಡ್ಡಾಯ ಮಾಡಿದೆ. ನ್ಯೂಯಾರ್ಕ್ ನಗರ 1960ಕ್ಕೆ ಮುಂಚಿನ ಬಾಡಿಗೆ ಕಟ್ಟಡಗಳಲ್ಲಿ ಪುಟ್ಟ ಮಗು ಇದ್ದರೆ, ಬಣ್ಣದಲ್ಲಿ ಸೀಸ ಇದೆಯೆಂದೇ ಭಾವಿಸಿ ನಡೆಯುತ್ತದೆ. ಸ್ಥಳೀಯ ಫಾರಂ ಬೇರೆ ಇದೆಯೇ ಎಂದು ಕೇಳುವುದನ್ನು ಮರೆಯಬಾರದು.

ನಮ್ಮಲ್ಲಿ?

ಸೀಸದ ವಿಷಯಕ್ಕೆ ಬೆಂಗಳೂರು ಹೊಸದಲ್ಲ. 1990ರ ದಶಕದ ಕೊನೆಯಲ್ಲಿ ಇಲ್ಲಿನ ಜಾರ್ಜ್ ಫೌಂಡೇಶನ್ ಹಲವು ನಗರಗಳ ಮಕ್ಕಳ ರಕ್ತ ಪರೀಕ್ಷಿಸಿ ಸೀಸದ ಹಾವಳಿಯನ್ನು ದೇಶದ ಗಮನಕ್ಕೆ ತಂದಿತು. ಆ ಕೆಲಸದ ಮುಂಚೂಣಿಯಲ್ಲಿದ್ದವರು ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತುಪ್ಪಿಲ್ ವೆಂಕಟೇಶ್. ಆಗಿನ ದೊಡ್ಡ ಖಳ ಸೀಸದ ಪೆಟ್ರೋಲು. ಅದು 2000ದ ಹೊತ್ತಿಗೆ ನಿಂತಿತು. ಬಣ್ಣದ ಸರದಿ ತಡವಾಗಿ ಬಂತು. 2016ರಲ್ಲಿ ಮಾಡಿದ ಕೇಂದ್ರ ನಿಯಮ, 2017ರ ನವೆಂಬರ್‌ನಿಂದ ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು ಹತ್ತು ಲಕ್ಷಕ್ಕೆ 90 ಭಾಗಕ್ಕೆ ಮಿತಿಗೊಳಿಸಿತು.

ಆ ನಿಯಮದ ಕಣ್ಣು ಹೊಸ ಡಬ್ಬದ ಮೇಲಿದೆ, ಹಳೆ ಮನೆಯ ಮೇಲಲ್ಲ. ನಮ್ಮ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯಿದೆ ರೇರಾ, ಏಜೆಂಟರು ನೋಂದಣಿ ಮಾಡಿಸಬೇಕು, ಸುಳ್ಳು ಭರವಸೆ ಕೊಡಕೂಡದು ಎನ್ನುತ್ತದೆ. ಸೀಸದ ಘೋಷಣಾ ಪತ್ರವೆಂಬುದು ನಮ್ಮ ಕ್ರಯದ ಕಾಗದಗಳಲ್ಲಿಲ್ಲ. ಬಸವನಗುಡಿಯಲ್ಲೋ ಮೈಸೂರಿನಲ್ಲೋ ಹಳೆ ಮನೆ ಕೊಳ್ಳುವವರು ಸುಣ್ಣ ಬಳಿದ ಗೋಡೆಗಿಂತ ಎನಾಮೆಲ್ ಹೊಡೆದ ಬಾಗಿಲು, ಕಿಟಕಿ, ಗ್ರಿಲ್ಲುಗಳನ್ನು ಗಮನಿಸಬೇಕು. ಹೊಳೆಯುವ ಎಣ್ಣೆ ಬಣ್ಣಗಳಲ್ಲೇ ಸೀಸ ಹೆಚ್ಚು ಬಳಕೆಯಲ್ಲಿತ್ತು. ಅವುಗಳನ್ನು ಒಣದಾಗಿ ಉಪ್ಪುಕಾಗದದಲ್ಲಿ ಉಜ್ಜಿಸದೆ, ನೀರು ಚಿಮುಕಿಸಿ ಕೆರೆಸಿ, ಮಕ್ಕಳನ್ನೂ ಬಸುರಿಯರನ್ನೂ ಆ ದಿನಗಳಲ್ಲಿ ದೂರವಿಟ್ಟು, ಪುಡಿಯನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಸಬೇಕು.

ಅಮೆರಿಕದಲ್ಲಿ ಮಾಹಿತಿ ದಾಟಿಸುವ ಕೆಲಸಕ್ಕೆ ಸಹಿ ಹಾಕಿದ ಒಬ್ಬ ಹೊಣೆಗಾರ ಇದ್ದಾನೆ. ನಮ್ಮಲ್ಲಿ ಆ ಹೊಣೆ ಯಾರ ಮೇಲೂ ಇಲ್ಲವಾದ್ದರಿಂದ, ಮನೆ ಯಾವ ಕಾಲದ್ದು, ಬಾಗಿಲು ಕಿಟಕಿಗೆ ಕೊನೆಯ ಸಲ ಯಾವಾಗ ಬಣ್ಣ ಹೊಡೆಸಿದರು, ಹಳೆ ಪದರ ತೆಗೆಸಿದ್ದರೇ ಎಂಬ ಪ್ರಶ್ನೆಗಳನ್ನು ಕೊಳ್ಳುವವರೇ ಕ್ರಯಪತ್ರಕ್ಕೆ ಮುಂಚೆ ಕೇಳಬೇಕು. ಅಲ್ಲಿ ಕೇಳದಿದ್ದರೂ ಹೇಳಬೇಕೆಂಬ ನಿಯಮವಿದೆ. ಇಲ್ಲಿ ಕೇಳಿದರಷ್ಟೇ ಉತ್ತರ.